ಮಾತು ಬಿಟ್ಟ ಸ್ಪೀಕರ್

ರಾತ್ರಿ ಬಸ್ಸಿನ ಡ್ರೈವರ್ ಬೆಳಿಗ್ಗೆ ಮನೆಗೆ ಬಂದು ಚಪ್ಪಲಿ ಬಿಟ್ಟನೋ ಇಲ್ಲವೋ, ಹೆಂಡತಿ ಮೂಲೆಯಲ್ಲಿದ್ದ ದೊಡ್ಡ ಸ್ಪೀಕರಿನ ಕಡೆ ಕೈ ತೋರಿಸಿದಳು.

"ರೀ, ಮೊನ್ನೆಯಿಂದ ಇದು ಮಾತು ಬಿಟ್ಟಿದೆ. ಲೈಟೂ ಹತ್ತಲ್ಲ. ಮಲಗೋ ಮುಂಚೆ ಸ್ವಲ್ಪ ನೋಡಿ."

ಕುಂಬಳಕಾಯಿ ಕಳ್ಳನ ಕೈ ಈ ಸಲ ಹೆಗಲಿಗೆ ಹೋಗಲಿಲ್ಲ, ಪ್ಯಾಂಟಿನ ಜೇಬಿಗೆ ಹೋಯಿತು. ಆದರೆ ಇವತ್ತು ತೊಟ್ಟಿದ್ದು ಇನ್ನೊಂದು ಜೊತೆ ಯೂನಿಫಾರಂ. ಮೊನ್ನೆ ಅವಳು ಮಹಡಿ ಮೇಲೆ ಬಟ್ಟೆ ಹರವುತ್ತಿದ್ದಾಗ ಸ್ಪೀಕರಿನ ಬೆನ್ನಿನಿಂದ ಫ್ಯೂಸ್ ಕಿತ್ತು ಜೇಬಿಗಿಳಿಸಿದವನು ಇವನೇ. ಮತ್ತೇನು ಮಾಡಬೇಕಿತ್ತು? ರಾತ್ರಿಯಿಡೀ ಸ್ಟೇರಿಂಗ್ ಹಿಡಿದು ಬಂದವನು ಮಲಗುವ ಹೊತ್ತಿಗೆ ಸರಿಯಾಗಿ ಅವಳ ಹಾಡು ಶುರುವಾಗುತ್ತಿತ್ತು. ಕಡಿಮೆ ಮಾಡೇ ಎಂದು ಕೋಣೆಯಿಂದ ಗಂಟಲು ಹರಿಯುವಂತೆ ಕೂಗಿದರೂ ಓಗೊಡುತ್ತಿರಲಿಲ್ಲ. ಗಂಡನ ನಿದ್ದೆಗಿಂತ ಇವಳಿಗೆ ಹಾಡೇ ಹೆಚ್ಚಾಯಿತೇ ಎಂದು ಅವನ ಹೊಟ್ಟೆ ಉರಿದಿತ್ತು.

ಫ್ಯೂಸ್ ಕಿತ್ತ ದಿನ ಕುಂಭಕರ್ಣನ ನಿದ್ದೆ. ಗೆದ್ದೆ ಅಂದುಕೊಂಡ. ನಿನ್ನೆ ಮಾತ್ರ, ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಹಿಂದಿನ ಗೋಡೆಯಾಚೆ ಯಾರೋ ಮಿಷನ್ ಹಚ್ಚಿ ಕಲ್ಲು ಕೊಯ್ಯತೊಡಗಿದರು, ಸಂಜೆಯವರೆಗೂ. ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಅದರ ಫಲ ರಾತ್ರಿ ಕಂಡಿತು. ಒಂದು ತಿರುವಿನಲ್ಲಿ ಕಣ್ಣು ತಾನಾಗಿ ಮುಚ್ಚಿಹೋಯಿತು. ಕಂಡಕ್ಟರ್ ಕಿರುಚದಿದ್ದರೆ ಬಸ್ಸಿನಲ್ಲಿ ಮಲಗಿದ್ದವರು ಮತ್ತೆ ಏಳುತ್ತಿರಲಿಲ್ಲ. ಇವತ್ತೂ ನಿದ್ದೆ ಬಾರದಿದ್ದರೆ ಏನು ಗತಿಯೋ ಎಂಬ ಭಯ.

ಆದರೂ ನಾಟಕ ಆಡಲೇಬೇಕಲ್ಲ. ಮಂಡಿಯೂರಿ ಕೂತ. ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿದ; ಕರೆಂಟ್ ಇತ್ತು. ವೈರನ್ನು ಉದ್ದಕ್ಕೂ ಹಿಸುಕಿ, ಅಲ್ಲಾಡಿಸಿ, ನಾಡಿ ಹಿಡಿದ ಡಾಕ್ಟರರ ಹಾಗೆ ಹೂಂಗುಟ್ಟಿದ.

"ವೈರ್ ಚೆನ್ನಾಗೇ ಇದೆ. ಒಳಗೇನೋ ಸುಟ್ಟಿರಬೇಕು," ಎಂದ.

"ಫ್ಯೂಸ್ ನೋಡಿದ್ರಾ?" ಹೆಂಡತಿ ಕೇಳಿದಳು.

"ಅಲ್ಲಿಗೇ ಬರ್ತಿದ್ದೆ."

ಮುಖ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದ. ಮೊನ್ನೆಯ ಪ್ಯಾಂಟು ಹಗ್ಗದ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. ಜೇಬು ಖಾಲಿ. ಬೆವರೊರೆಸಿಕೊಂಡು ತಿರುಗಿದರೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಅಂಗೈ ಚಾಚಿ ನಿಂತಿದ್ದಾಳೆ. ಅದರಲ್ಲಿ ಆ ಪುಟ್ಟ ಗಾಜಿನ ಫ್ಯೂಸ್.

"ನಿನ್ನೆ ನೀವು ಡ್ಯೂಟಿಗೆ ಹೋದ್ಮೇಲೆ ಬಟ್ಟೆ ನೆನೆಹಾಕುವಾಗ ಸಿಕ್ತು. ನೀವೇ ಬಾಯಿ ಬಿಡ್ತೀರಿ ಅಂತ ಕಾದೆ."

ಸಿಕ್ಕಿಬಿದ್ದವನಿಗೆ ಸಿಟ್ಟೇ ಗತಿ. "ಹೂಂ, ಕಿತ್ತೆ! ದಿನಾ ನನ್ನ ನಿದ್ದೆ ಹಾಳು ಮಾಡಿ ಅದೆಂಥ ಹಾಡೋ ನಿಂದು!"

"ನಂದಾ? ಹಾಡು ಕೇಳಿದ್ರೆ ನಂಗೆ ತಲೆ ಸಿಡಿಯುತ್ತೆ." ಅವಳ ದನಿಯಲ್ಲಿ ಜಗಳಕ್ಕೆ ಬೇಕಾದ ಕಸುವೂ ಇರಲಿಲ್ಲ. "ಹಿಂದುಗಡೆ ಕಲ್ಲು ಕೊಯ್ಯೋ ಅಂಗಡಿ ಬಂದು ವರ್ಷವಾಯ್ತು. ನೀವು ಹೋಗುವಾಗ, ಬರುವಾಗ ಅದರ ಬಾಗಿಲು ಹಾಕಿರುತ್ತೆ. ಆ ಸದ್ದು ನಿಮ್ಮ ಕಿವಿಗೆ ಬೀಳಬಾರ್ದು ಅಂತ ಇದನ್ನ ಹಾಕ್ತಿದ್ದೆ. ಮೊನ್ನೆ ಅವರಿಗೆ ರಜೆ, ಅದಕ್ಕೇ ನಿದ್ದೆ ಬಂತು ನಿಮಗೆ."

"ಒಂದು ಮಾತು ಹೇಳಬಾರ್ದಿತ್ತಾ?"

"ಇಂಜಿನ್ನಿನಲ್ಲಿ ನಟ್ಟು ಸಡಿಲಾದ್ರೂ ಪತ್ತೆ ಹಚ್ಚೋ ಕಿವಿ ನಿಮ್ದು. ಹೇಳಿದ್ರೆ ಹಾಡಿನ ಒಳಗೂ ಆ ಕಲ್ಲನ್ನೇ ಹುಡುಕ್ತಾ ಬಿದ್ದಿರ್ತಿದ್ರಿ."

ಗೋಡೆಯಾಚೆ ಅಂಗಡಿಯ ಷಟರ್ ಮೇಲೆ ಸರಿದ ಸದ್ದು. ಅವನು ಅವಳ ಅಂಗೈಯಿಂದ ಫ್ಯೂಸ್ ತೆಗೆದು ಸ್ಪೀಕರಿಗೆ ಕೂರಿಸಿದ. ಕೆಂಪು ದೀಪ ಹತ್ತಿತು. ಅವಳು ಹಾಡು ಹಚ್ಚಿ, ಕಪಾಟಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು. ಕೂಗಿದಾಗಲೆಲ್ಲ ಅವಳು ಯಾಕೆ ಓಗೊಡುತ್ತಿರಲಿಲ್ಲ ಎಂಬುದು ಅವನಿಗೆ ಈಗ ತಿಳಿಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು.

"ತಪ್ಪಾಯ್ತು ಕಣೇ," ಎಂದ.

ಅವಳು ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಎದ್ದ ಮೇಲೆ ಮೊದಲು ಇದನ್ನೇ ಹೇಳಬೇಕು ಅಂದುಕೊಳ್ಳುತ್ತಲೇ ಹೋಗಿ ಮಲಗಿದ, ಹಾಡು ಮುಗಿಯುವ ಮುಂಚೆ ನಿದ್ದೆ ಹೋದ.