ಬೆರಣಮ್ಮನ ವಂಶದವರು

ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ಹೆಸರಿರಲಿಲ್ಲ. ಲಸಿಕೆ ಕಾರ್ಡಿನಲ್ಲಿ ‘ಮೋನಿಷಾಳ ಮಗು’ ಎಂದಿತ್ತು. ಮನೆಯಲ್ಲಿ ಬರೀ ‘ಅದು’. ಅದು ಎದ್ದಿತು, ಅದು ಹಾಲು ಕಕ್ಕಿತು. ನಾಮಕರಣದ ಮಾತೆತ್ತಿದರೆ ಮೋನಿಷಾ, “ಮುಂದಿನ್ ತಿಂಗ್ಳು ನೋಡಣ” ಎನ್ನುತ್ತಿದ್ದಳು. ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಮೊದಲನೆಯದು ಹೊಟ್ಟೆಯಲ್ಲಿದ್ದಾಗಲೇ ಅವಳು ಚಂದದ ಹೆಸರು ಹುಡುಕಿ ತೊಟ್ಟಿಲ ಬಟ್ಟೆಗೆ ಕಸೂತಿ ಹಾಕಿದ್ದಳು. ಅದು ಒಂಬತ್ತು ದಿನ ಬದುಕಿತು. ಎರಡನೆಯದಕ್ಕೂ ಹೆಸರು ಸಿದ್ಧವಿತ್ತು, ಅದು ಅಳಲೇ ಇಲ್ಲ.

ಈಗ ಇದರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದೇ ಅವಳ ದಿನಚರಿ. ಸ್ನಾನಕ್ಕೆ ಹೋದರೂ ತೊಟ್ಟಿಲನ್ನು ಬಚ್ಚಲ ಬಾಗಿಲಿಗೆ ಎಳೆದುಕೊಳ್ಳುತ್ತಿದ್ದಳು. ನಾದಿನಿ ಪವಿತ್ರ ಎತ್ತಿಕೊಳ್ಳಲು ಬಂದರೆ, “ಇರ್ಲಿ ಬಿಡು” ಎನ್ನುವಳು. ಸೂಲಿಬೆಲೆ ಪಕ್ಕದ ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಎಲ್ಲರ ಕಣ್ಣೂ ಕೆಂಪು. ಹಸುಗಳು ಮಾತ್ರ ನೆಮ್ಮದಿಯಾಗಿ ಮಲಗುತ್ತಿದ್ದವು.

ಪವಿತ್ರಳಿಗೆ ಬೇರೆ ತಲೆನೋವೂ ಇತ್ತು. ಕಾಲೇಜಿನಲ್ಲಿ ಏಳು ತಲೆಮಾರಿನ ವಂಶವೃಕ್ಷ ಕೇಳಿದ್ದರು. ಅವಳಿಗೆ ಗೊತ್ತಿದ್ದದ್ದು ಮೂರು. ಹಾಗಾಗಿ ಭಾನುವಾರ ಹೆಳವ ಭೀಮರಾಜ್ ಬೈಕಿನಲ್ಲಿ ಬಂದಿಳಿದಾಗ ಅವಳಿಗೆ ದೇವರೇ ಬಂದಂತಾಯಿತು. ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳುವುದು ಅವನ ಕುಲದ ಕೆಲಸ. ಪವಿತ್ರಳ ತಾಯಿ ರುಕ್ಮಿಣಮ್ಮ ಮೊರದ ತುಂಬ ರಾಗಿ ತಂದಿಟ್ಟು, ಮಂಡಿ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಪವಿತ್ರ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದಳು.

ಭೀಮರಾಜ್ ದಪ್ಪ ಪುಸ್ತಕ ಬಿಚ್ಚಿ ರಾಗವಾಗಿ ಓದತೊಡಗಿದ. “ಮುನಿಶಾಮಪ್ಪನ ಮಗ ಹರಕಪ್ಪ. ಹರಕಪ್ಪನ ಮಗಳು ಬೆರಣಮ್ಮ...”

“ಬೆರಣಮ್ಮನಾ?” ಪವಿತ್ರ ಕಿಸಕ್ಕನೆ ನಕ್ಕಳು. “ಹಂಗಾದ್ರೆ ಅವ್ರಣ್ಣ ಸಗಣಪ್ಪ ಇರ್ಬೇಕು!”

ಅವನು ತಲೆಯೆತ್ತಲಿಲ್ಲ. “ಸಗಣಪ್ಪ ಇಲ್ಲ ಕಣವ್ವ. ತಿಪ್ಪಯ್ಯ ಅವ್ನೆ.”

ಪವಿತ್ರ ಬಿದ್ದು ಬಿದ್ದು ನಕ್ಕಳು. ರುಕ್ಮಿಣಮ್ಮ, “ಹಲ್ ಮುಚ್ಚೇ, ನಿಮ್ಮಪ್ಪನ ಕಡೆ ಹಿರೀಕ್ರು” ಎಂದು ಗದರಿ ತಾವೂ ಸೆರಗು ಬಾಯಿಗೆ ಒತ್ತಿಕೊಂಡರು. ಆ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ನಗು ಕೇಳಿ ಮೋನಿಷಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಭೀಮರಾಜ್ ಹರಕಪ್ಪನ ಮಕ್ಕಳ ಹೆಸರು ಓದುತ್ತಲೇ ಇದ್ದ. ಹೆಸರು ಹೆಸರಿನ ನಡುವೆ ಏನೋ ಸಣ್ಣಗೆ ಗೊಣಗಿ ದಾಟುತ್ತಿದ್ದ.

“ತಿಪ್ಪಯ್ಯಂಗ್ ಮುಂಚೆ ಅದೇನೋ ಅಂದ್ರಲ್ಲ, ಏನದು?” ಎಂದಳು ಮೋನಿಷಾ.

ಅವನು ಕನ್ನಡಕ ಸರಿಮಾಡಿಕೊಂಡ. “ಎರಡು ಉಳೀಲಿಲ್ಲ ಅಂತ ಬರ್ದದೆ ತಾಯಿ.”

“ಅವಕ್ಕೆ ಹೆಸ್ರಿಟ್ಟಿದ್ರಾ?”

“ಹೂಂ. ರಾಜಪ್ಪ, ಚೆಲುವಮ್ಮ. ಒಳ್ಳೊಳ್ಳೆ ಹೆಸ್ರೇ. ಮೂರ್ನೇದನ್ನ ಹುಟ್ಟಿದ್ ತಕ್ಷಣ ತಿಪ್ಪೆ ಮೇಲೆ ಹೊಳ್ಳಾಡ್ಸಿದ್ರು. ಇಂಥದ್ದು ಯಾರಿಗ್ ಬೇಕು ಅಂತ ಸಾವು ವಾಪಸ್ ಹೋಗ್ಲಿ ಅಂತ. ಬೆರಣಮ್ಮನ್ನ ಪಕ್ಕದ್ಮನೆಯೋರಿಗೆ ಕೊಟ್ಬುಟ್ಟು, ಎರಡು ಬೆರಣಿ ಕೊಟ್ಟು ವಾಪಸ್ ಕೊಂಡ್ಕೊಂಡ್ರು.”

“ಎಷ್ಟ್ ವರ್ಷ ಇದ್ರು?”

ಅವನು ಸಾಲಿನ ಮೇಲೆ ಬೆರಳು ಎಳೆದ. “ತಿಪ್ಪಯ್ಯ ಎಂಬತ್ತು ದಾಟ್ದ. ಬೆರಣಮ್ಮ ಮರಿಮಕ್ಕಳ ಮದ್ವೆ ಊಟ ಉಂಡೋಳು.”

ಪವಿತ್ರಳ ನಗು ನಿಂತಿತ್ತು. ಮೋನಿಷಾ ಜಗಲಿಗೆ ಬಂದು ಮಗುವನ್ನು ಭೀಮರಾಜನ ತೊಡೆಯ ಮೇಲೆ ಮಲಗಿಸಿದಳು. “ಇದು ನಂದಲ್ಲ, ನಿಮ್ದು. ಎಷ್ಟಕ್ ಕೊಡ್ತೀರಾ?”

“ಅಯ್ಯೋ, ಮೋನಿಷಾ!” ರುಕ್ಮಿಣಮ್ಮ ಎದ್ದರು.

ಭೀಮರಾಜ್ ಕೈಯೆತ್ತಿ ಅವರನ್ನು ತಡೆದ. ಮಗುವನ್ನು ಮೇಲಿಂದ ಕೆಳಗೆ ನೋಡಿ ಮುಖ ಕಿವುಚಿದ. “ಕಪ್ಪಗದೆ. ಮೂಗು ಬೇರೆ ಸೋರ್ತದೆ. ಏನಾರ ಕೊಟ್ಟು ತಗೊಂಡೋಗು ಮಾರಾಯ್ತಿ.”

“ಒಂದು ಬೊಗಸೆ ಬೂಸ ಕೊಡ್ತೀನಿ. ಅದೂ ಜಾಸ್ತಿ ಆಯ್ತು.”

ಪವಿತ್ರ ಕೊಟ್ಟಿಗೆಗೆ ಓಡಿ ಹಸುವಿನ ಬೂಸ ತಂದಳು. ಮೋನಿಷಾ ಅದನ್ನು ಬೊಗಸೆಯಲ್ಲಿ ಹಿಡಿದು ಅವನ ಟವಲಿಗೆ ಸುರಿದು ಮಗುವನ್ನು ಎತ್ತಿಕೊಂಡಳು. “ಬರ್ಕೊಳ್ಳಿ. ಬೂಸಮ್ಮ.”

“ಅತ್ತಿಗೆ, ಸ್ಕೂಲಲ್ಲಿ ಅಟೆಂಡೆನ್ಸ್ ಕೂಗ್ವಾಗ ಬೂಸಮ್ಮ ಅಂತಾರೆ! ಎಲ್ಲಾ ನಗ್ತಾರೆ.”

“ನಗ್ಲಿ. ‘ಪ್ರೆಸೆಂಟ್’ ಅನ್ನಕ್ಕೆ ಇವ್ಳು ಇದ್ರೆ ಸಾಕು ಕಣೆ.”

ಭೀಮರಾಜ್ ಪೆನ್ನಿನ ತುದಿ ನಾಲಿಗೆಗೆ ತಾಗಿಸಿ ಬರೆದ. ಮೊದಲು ‘ಎರಡು ಉಳಿಯಲಿಲ್ಲ’ ಎಂದು, ಅದರ ಕೆಳಗೆ ಹೆಸರು. ಮೋನಿಷಾ ಆ ಎರಡು ಸಾಲನ್ನೂ ಓದಿಕೊಂಡಳು. ಗೋಡೆಗೊರಗಿ ಕೂತಳು. ಅವಳ ತೋಳು ಸೋತಿತ್ತು.

“ಪವೀ,” ಎಂದಳು ಕಣ್ಣು ಮುಚ್ಚಿಕೊಂಡೇ, “ಸ್ವಲ್ಪ ಹೊತ್ತು ಬೂಸಮ್ಮನ್ನ ಎತ್ಕೊ.”