ಕೂತು ಉಣ್ಣದವರು

ನಮ್ಮ ಯಜಮಾನರಿಗೆ ಕೂರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತದೆ. ಇಪ್ಪತ್ತಾರು ವರ್ಷದಿಂದ ದೊಡ್ಡದೊಂದು ಹೋಟೆಲಿನಲ್ಲಿ ಬಡಿಸುವ ಕೆಲಸ. ಎರಡು ಚಮಚ ಕೊಟ್ಟರೆ ಸಾಕು, ಮೊಳದುದ್ದದ ಮೀನಿನ ಮುಳ್ಳನ್ನು ತಲೆಯಿಂದ ಬಾಲದವರೆಗೆ ಒಂದೇ ಸಲಕ್ಕೆ ಎತ್ತಿ ಪಕ್ಕಕ್ಕಿಡುತ್ತಾರೆ. ತಮ್ಮ ಊಟ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ, ನಿಂತುಕೊಂಡು, ನಾಲ್ಕು ತುತ್ತು. ಮನೆಯಲ್ಲೂ ಅಷ್ಟೇ, ತಟ್ಟೆ ಕೈಯಲ್ಲಿ ಹಿಡಿದು ಓಡಾಡುತ್ತಲೇ ಉಣ್ಣುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅವರಿಗೆ ಮೊದಲನೆಯದು ಬರುವುದಿಲ್ಲ, ನನಗೆ ಎರಡನೆಯದು.

ಆ ದಿನ ಮಧ್ಯಾಹ್ನ ಅವರು ಒಂದೇ ಒಂದು ಗಂಟೆ ನನ್ನೆದುರು ಕೂರಬೇಕಿತ್ತು. ನಾನು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದವಳು. ರೈಲಿನಲ್ಲಿ ಎಂಟು ಗಂಟೆ ದೂರದ ಊರಿನಲ್ಲಿ ನಮ್ಮ ಕಂಪನಿಯದೇ ಹೊಸ ಕಾರ್ಖಾನೆ ಶುರುವಾಗುತ್ತಿತ್ತು, ಅಲ್ಲಿಯ ಕಟಿಂಗನ್ನು ಪೂರ್ತಿ ನನ್ನ ಕೈಗೆ ಕೊಡುತ್ತೇವೆ ಅಂದಿದ್ದರು. ಹೋಗುತ್ತೇನೋ ಇಲ್ಲವೋ ಎಂದು ಅವತ್ತು ಮೂರು ಗಂಟೆಯೊಳಗೆ ಮ್ಯಾನೇಜರಮ್ಮನಿಗೆ ಫೋನ್ ಮಾಡಿ ಹೇಳಬೇಕು. ಮನೆಯಲ್ಲಿ ನಾಲ್ಕು ಸಲ ಮಾತು ತೆಗೆದಿದ್ದೆ. ಒಂದು ಸಲ ಶೂಗೆ ಪಾಲಿಶ್ ಹಾಕುತ್ತಿದ್ದರು, ಒಂದು ಸಲ ಗೊರಕೆ ಹೊಡೆಯುತ್ತಿದ್ದರು, ಇನ್ನೆರಡು ಸಲ "ನಾಳೆ ಮಾತಾಡೋಣ ಕಣೆ" ಅಂದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಎದುರಿಗೆ ನಿಂತಿರುತ್ತಿತ್ತು.

ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ತೋಡಿಕೊಂಡಾಗ ಅವಳೇ ಒಂದು ಮೀನಿನ ಹೋಟೆಲಿನಲ್ಲಿ ಟೇಬಲ್ ಬುಕ್ ಮಾಡಿಸಿದಳು. ಇವರ ಹೋಟೆಲಲ್ಲ, ಅದಕ್ಕಿಂತ ಒಂದು ತೂಕ ಹೆಚ್ಚಿನದು. "ಅಮ್ಮಾ, ಅಪ್ಪನಿಗೆ ಒಂದು ದಿನವಾದ್ರೂ ಬಡಿಸ್ಕೊಂಡು ತಿನ್ನೋದು ಕಲಿಸು. ಅಲ್ಲೇ ಹೇಳ್ಬಿಡು."

ಹೇಳಿಬಿಡು ಅನ್ನುವುದು ಸುಲಭ. ಒಂದೂವರೆಗೆ ಒಳಗೆ ಹೋದೆವು. ಗಾಜಿನ ತೊಟ್ಟಿಯಲ್ಲಿ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು, ಮಂಜುಗಡ್ಡೆಯ ಮೇಲೆ ಮೀನುಗಳನ್ನು ಸಾಲಾಗಿ ಮಲಗಿಸಿದ್ದರು, ಬಿಳಿ ಮೇಜುಬಟ್ಟೆಯಲ್ಲಿ ಒಂದು ಸುಕ್ಕಿರಲಿಲ್ಲ. ಇವರು ನನಗೆ ಕುರ್ಚಿ ಎಳೆದು ಕೂರಿಸಿದರು. ನನಗೆ ಖುಷಿಯಾಯಿತು. ನೋಡಿದರೆ, ಕೂರಿಸಿದವರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ.

"ಕೂತ್ಕೊಳ್ರೀ. ಎಷ್ಟೊತ್ತು ನಿಂತ್ರೂ ನಾನು ಟಿಪ್ಸ್ ಕೊಡಲ್ಲ."

ಕೂತರು, ಕುರ್ಚಿಯ ತುದಿಯಲ್ಲಿ. ಮುಳ್ಳಿನ ಮೇಲೆ ಕೂತವರ ಹಾಗೆ ಆ ಕಡೆ ನೋಡುತ್ತಾರೆ, ಈ ಕಡೆ ನೋಡುತ್ತಾರೆ. "ಆ ಮೂಲೆ ಟೇಬಲಿಗೆ ನೀರೇ ಇಟ್ಟಿಲ್ಲ." "ಈ ಫೋರ್ಕ್ ಒಂದು ಬೆರಳು ಆಚೆ ಇದೆ ನೋಡು." "ಬಾಗಿಲ ಹತ್ರ ಯಾರೋ ಬಂದು ನಿಂತಿದ್ದಾರೆ, ಒಬ್ಬನಾದ್ರೂ ತಿರುಗಿ ನೋಡ್ತಿದ್ದಾನಾ?"

"ರೀ, ನಾನೊಂದು ವಿಷ್ಯ ಹೇಳ್ಬೇಕಿತ್ತು."

"ಹೇಳು ಹೇಳು," ಅಂದವರೇ ಎದ್ದು ಪಕ್ಕದ ಟೇಬಲಿನ ಕೆಳಗೆ ಬಿದ್ದಿದ್ದ ಕರವಸ್ತ್ರ ಎತ್ತಿಕೊಟ್ಟು ಬಂದರು. ಅಲ್ಲಿ ಅಜ್ಜಿ, ಮೊಮ್ಮಕ್ಕಳು, ದಪ್ಪ ಮೀಸೆಯ ಯಜಮಾನ ಎಲ್ಲ ಸೇರಿ ಏಳೆಂಟು ಜನ. ನಮ್ಮ ಯಜಮಾನರ ಮೈಮೇಲೆ, ಅಲ್ಲಿ ಬಡಿಸುವವರ ಹಾಗೆಯೇ, ಬಿಳಿ ಅಂಗಿ, ಕಪ್ಪು ಪ್ಯಾಂಟು. ಬೇರೆ ಒಳ್ಳೆಯ ಬಟ್ಟೆ ಇದ್ದರಲ್ಲವೇ ಹಾಕಿಕೊಳ್ಳುವುದು!

ಎರಡು ಗಂಟೆಗೆ ಮೀನು ಬಂತು, ಹಬೆಯಲ್ಲಿ ಬೇಯಿಸಿದ ಇಡೀ ಮೀನು. ಬಡಿಸುವವರ ಮೇಲಿನವನು, ಕೋಟು ಹಾಕಿದ ನಡುವಯಸ್ಸಿನ ಕ್ಯಾಪ್ಟನ್, ಅದನ್ನು ಇಟ್ಟು ಇನ್ನೇನು ಚಮಚ ಹಿಡಿಯಬೇಕು, ಇವರು ತಟ್ಟೆಯನ್ನು ಅರ್ಧಸುತ್ತು ತಿರುಗಿಸಿಬಿಟ್ಟರು.

"ತಲೆ ಗಿರಾಕಿಯ ಎಡಗಡೆಗೆ ಬರ್ಬೇಕು ಸಾರ್."

"ಸಾರಿ ಸಾರ್."

"ಪರ್ವಾಗಿಲ್ಲ, ಕೊಡಿ ಇಲ್ಲಿ." ಚಮಚ ಕಿತ್ತುಕೊಂಡು, ಎದ್ದು ನಿಂತು, ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದರು. ಕ್ಯಾಪ್ಟನ್ ಮುಖ ಇಂಗು ತಿಂದ ಮಂಗನಂತಾಯಿತು. ನನಗೋ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಡಿಯಾರ ನೋಡಿದೆ. ಎರಡು ಹತ್ತು. ಮೀನು ಬೆಣ್ಣೆಯ ಹಾಗಿತ್ತಂತೆ, ಇವರು ಹೇಳಿದರು. ನನ್ನ ಬಾಯಿಗೆ ರುಚಿಯೇ ಹತ್ತಲಿಲ್ಲ.

"ರೀ, ನನ್ನ ಕೆಲಸದ ವಿಷ್ಯ. ಇವತ್ತು ಮೂರು ಗಂಟೆ ಒಳಗೆ..."

"ಏನ್ರೀ, ಇಲ್ಲಿ!" ಪಕ್ಕದ ಟೇಬಲಿನ ಮೀಸೆಯವರು ಬೆರಳೆತ್ತಿದರು. ಇವರನ್ನು ನೋಡಿಯೇ ಎತ್ತಿದರು.

ನಮ್ಮವರಾದರೂ ಏನು ಮಾಡಬೇಕಿತ್ತು? ನಾನು ಊಟಕ್ಕೆ ಬಂದವನು ಅನ್ನಬೇಕಿತ್ತು. ಎದ್ದರು, ಹೋದರು, ಬಗ್ಗಿ ನಿಂತರು. ಅಜ್ಜಿಗೆ ಖಾರ ಬೇಡ, ಚಿಕ್ಕವಳಿಗೆ ಸೀಗಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ, ಏಡಿ ಎರಡು, ಸೂಪು ಐದು. ಎಲ್ಲವನ್ನೂ ಕೇಳಿಕೊಂಡು, ಒಂದೂ ಬಿಡದೆ ತಿರುಗಿ ಒಪ್ಪಿಸಿ, ನೆಟ್ಟಗೆ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿಬಿಟ್ಟರು!

ಅಯ್ಯೋ ನನ್ನ ಕರ್ಮವೇ, ಅಂದುಕೊಂಡೆ. ಒಳಗಿಂದ ಯಾರೋ ಕೂಗಾಡಿದ್ದು ಕೇಳಿಸಿತು. ಹೋಗಿ ಕರೆದುಕೊಂಡು ಬರೋಣವೆಂದರೆ ಆ ಬಾಗಿಲು ತಳ್ಳುವ ಧೈರ್ಯ ನನಗಿಲ್ಲ. ನನ್ನೆದುರಿನ ಕುರ್ಚಿ ಖಾಲಿ, ಮೀನು ತಣ್ಣಗಾಗುತ್ತಿದೆ, ಚೀಲದಲ್ಲಿ ಫೋನು. ಎರಡು ಇಪ್ಪತ್ತು. ಎರಡು ಇಪ್ಪತ್ತೈದು. ಮಾತೂ ಬೇಡ ಏನೂ ಬೇಡ, ಫೋನ್ ಮಾಡಿ ಒಪ್ಪಿಕೊಂಡುಬಿಡೋಣ ಅನ್ನಿಸಿತು. ಎರಡು ಸಲ ಫೋನು ತೆಗೆದೆ, ಎರಡು ಸಲ ಒಳಗಿಟ್ಟೆ. ಅವರಿಗೆ ಹೇಳದೆ ಹೋದರೆ ಹೋದದ್ದೇ ಗೊತ್ತಾಗುವುದಿಲ್ಲವೇನೋ ಎಂಬ ಹೆದರಿಕೆ ನನಗೆ.

ಎರಡು ಮೂವತ್ತೈದಕ್ಕೆ ಹೊರಗೆ ಬಂದರು. ಬೈಸಿಕೊಂಡ ಮುಖ, ಕೆಂಪಗಾಗಿತ್ತು. ಆ ಗಾಬರಿಯಲ್ಲಿ ಕುರ್ಚಿಯ ಕಡೆಗೂ ಹೋಗಲಿಲ್ಲ. ನನ್ನ ಪಕ್ಕಕ್ಕೆ ಬಂದು, ಎಡಗೈ ಬೆನ್ನ ಹಿಂದಿಟ್ಟು, ಸ್ವಲ್ಪ ಬಗ್ಗಿ ಕೇಳಿದರು.

"ಇನ್ನೇನಾದ್ರೂ ಬೇಕಾ ಮೇಡಂ?"

ಸಿಟ್ಟು ನೆತ್ತಿಗೇರಿತು. ಇಪ್ಪತ್ನಾಲ್ಕು ವರ್ಷ ಬಾಳಿದವಳು ನಾನು ಮೇಡಂ! ತಟ್ಟೆ ಎತ್ತಿ ಕುಕ್ಕಬೇಕು ಅನ್ನಿಸಿತು. ಆದರೆ ಅವರ ಕಣ್ಣು ನೋಡಿದೆ. ಆ ಕಣ್ಣು ನನ್ನ ಮುಖದ ಮೇಲೇ ಇತ್ತು. ಆಚೆ ಈಚೆ ಹೋಗುತ್ತಿರಲಿಲ್ಲ.

"ಬೇಕು," ಅಂದೆ. "ಕೇಳಿಸ್ಕೊಳ್ಳಿ. ಕಾರ್ಖಾನೆಯವರು ಹೊಸ ಊರಲ್ಲಿ ಕೆಲಸ ಕೊಡ್ತಿದ್ದಾರೆ. ಒಂದನೇ ತಾರೀಖಿಂದ, ಎರಡು ವರ್ಷ. ಐವತ್ತು ಜನಕ್ಕೆ ನಾನು ಕಟಿಂಗ್ ಕಲಿಸ್ಬೇಕು. ಇರೋದಕ್ಕೆ ಅವರೇ ಮನೆ ಕೊಡ್ತಾರೆ. ಮೂರು ಗಂಟೆ ಒಳಗೆ ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು. ನನಗೆ ಹೋಗ್ಬೇಕು ಅಂತ ಆಸೆ ಇದೆ. ತುಂಬಾ ಆಸೆ ಇದೆ."

ಅವರು ತಲೆಯಾಡಿಸುತ್ತಾ ಕೇಳಿದರು. ಹಿಂದೆ ಯಾರೋ ಲೋಟ ಬೀಳಿಸಿದರು, ತಿರುಗಲಿಲ್ಲ.

"ಒಂದನೇ ತಾರೀಖಿಂದ ಹೊಸ ಕೆಲಸ," ಅಂದರು, ಗಿರಾಕಿಗಳಿಗೆ ಒಪ್ಪಿಸುವ ಅದೇ ದನಿಯಲ್ಲಿ. "ಎರಡು ವರ್ಷ. ಐವತ್ತು ಜನಕ್ಕೆ ಕಲಿಸ್ಬೇಕು. ಮನೆ ಅವರದ್ದೇ. ಉತ್ತರ ಮೂರು ಗಂಟೆ ಒಳಗೆ. ತುಂಬಾ ಆಸೆ ಇದೆ. ಸರೀನಾ?"

ಒಂದು ಮಾತೂ ಬಿಟ್ಟಿರಲಿಲ್ಲ. ಆಸೆಯನ್ನೂ ಬಿಟ್ಟಿರಲಿಲ್ಲ. ನನಗೆ ಅಳು ಬಂತು, ಅದರ ಬೆನ್ನಿಗೇ ಹೊಟ್ಟೆ ಉರಿಯಿತು. ಇಷ್ಟು ಕೇಳಿಸಿಕೊಳ್ಳುವುದಕ್ಕೆ ನಾನು ಗಿರಾಕಿಯಾಗಬೇಕಿತ್ತೇ?

"ಸರಿ," ಅಂದೆ.

"ಎಷ್ಟು ಜನಕ್ಕೆ?"

ಕೇಳಿದ ಮೇಲೆ ಅವರಿಗೇ ಎಚ್ಚರವಾಯಿತು. ಬೆನ್ನ ಹಿಂದಿನ ಕೈ ಮುಂದೆ ಬಂತು. "ಅಂದ್ರೆ... ಮನೆ ಕಣೆ. ಎಷ್ಟು ಜನಕ್ಕೆ ಅಂತ ಹೇಳಿದ್ದೀಯ?"

"ಒಬ್ಬಳಿಗೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಬೆನ್ನು ಪೂರ್ತಿ ಒರಗಿಸಿ ಕೂತರು.

"ನಾನೇನ್ ತಪ್ಪು ಮಾಡ್ದೆ?"

"ತಪ್ಪೇನಿಲ್ಲ ರೀ. ದಿನಾ ತಟ್ಟೆ ಮುಚ್ಚಿಟ್ಕೊಂಡು ನಿಮಗೆ ಕಾದೆ, ಬಂದ್ಮೇಲೆ ನೀವು ಓಡಾಡ್ಕೊಂಡು ಉಂಡ್ರಿ. ಸಾಕಾಗಿದೆ. ಇನ್ನು ನನಗೆ ಹಸಿವಾದಾಗ ನಾನು ಉಣ್ಬೇಕು."

"ಈಗ ಕೇಳ್ದೆ ಅಲ್ವಾ, ಎಷ್ಟು ಜನ ಅಂತ."

"ಕೇಳಿದ್ರಿ. ನನಗೆ ಸಂತೋಷಾನೇ ಆಯ್ತು."

"ಮತ್ತೆ?"

"ಮನೆಗೆ ಅರ್ಜಿ ಹೋದ ತಿಂಗಳೇ ಕೊಟ್ಟೆ ರೀ. ಬರೆಯೋವಾಗ ನಿಮ್ಮನ್ನ ಸೇರಿಸ್ಲೋ ಬೇಡ್ವೋ ಅಂತ ಕೇಳೋಣ ಅಂತಿದ್ದೆ. ನೀವು ನಾಳೆ ಅಂದ್ರಿ."

ಮೂರಕ್ಕೆ ಹತ್ತು ನಿಮಿಷವಿತ್ತು. ನಾನು ಫೋನು ತೆಗೆದು ಅವರೆದುರೇ ಮ್ಯಾನೇಜರಮ್ಮನಿಗೆ ಮಾಡಿದೆ. "ಬರ್ತೀನಿ ಮೇಡಂ," ಅಂದೆ. ಮನೆ ಒಬ್ಬರಿಗೇ ತಾನೆ ಅಂತ ಮ್ಯಾನೇಜರಮ್ಮ ಇನ್ನೊಮ್ಮೆ ಕೇಳಿದರು.

"ಹೂಂ ಮೇಡಂ, ಒಬ್ಬಳಿಗೇ."

ಫೋನು ಇಟ್ಟು ತಲೆ ಎತ್ತಿದರೆ, ನಮ್ಮ ಯಜಮಾನರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಊಟಕ್ಕೆ ಬಂದವರು ಅತ್ತರೆ ನೋಡಿದರೂ ನೋಡದ ಹಾಗೆ ಇರಬೇಕಂತೆ, ಅದು ಅವರ ಕೆಲಸದ ಕಟ್ಟಳೆ. ನಾನು ನೋಡುತ್ತಲೇ ಕೂತೆ.