ಕೈ ತೊಳೆದ್ಯಾ?

ದೊಡ್ಡ ಸಿಸ್ಟರ್ ಬಂದಳೆಂದರೆ ವಾರ್ಡಿಗೆ ವಾರ್ಡೇ ನೆಟ್ಟಗಾಗುತ್ತಿತ್ತು. ಕೈ ತೊಳೆಯದೆ ರೋಗಿಯನ್ನು ಮುಟ್ಟಿದವರು ಯಾರೇ ಆಗಲಿ, ಆಕೆ ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಕಥೆ. ಟೈಲರ್ ಗಂಡ ಅಂಗಡಿಯಿಂದ ಬಂದು ತಟ್ಟೆ ಎಳೆದುಕೊಳ್ಳುವ ಮೊದಲೇ ಅಡುಗೆಮನೆಯಿಂದ ದನಿ ಬರುತ್ತಿತ್ತು, "ರೀ, ಕೈ?" ಮದುವೆಯಾದಾಗಿನಿಂದ ತನ್ನ ಕೈರೇಖೆಗಳೇ ಸವೆದುಹೋಗಿವೆ ಎಂದು ಅವನು ಗಿರಾಕಿಗಳ ಮುಂದೆ ಗೊಣಗುತ್ತಿದ್ದ.

ಅಂಥವನ ಅಪೆಂಡಿಕ್ಸ್ ಒಡೆಯಿತು. ಆಪರೇಷನ್ ಆಗಿ ಹೆಂಡತಿಯ ವಾರ್ಡಿಗೇ ಬಂದ. ಸ್ವಂತದವರ ಆರೈಕೆ ಸ್ವಂತದವರೇ ಮಾಡಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಅವನನ್ನು ಸಣ್ಣ ಸಿಸ್ಟರ್‌ಗೆ ಒಪ್ಪಿಸಿ, ಆಕೆ ರಜೆ ಹಾಕಿ, ಬರೀ ಹೆಂಡತಿಯಾಗಿ ಬಂದುಹೋಗುತ್ತಿದ್ದಳು.

ಮೊದಲೆರಡು ದಿನ ಚೆನ್ನಾಗಿದ್ದ. ಆಮೇಲೆ ಜ್ವರ ಏರಿತು. ಸುದ್ದಿ ಕೇಳಿದವಳೇ ಬಸ್ಸಿನ ಕಂಬಿ ಹಿಡಿದು ನಿಂತುಕೊಂಡೇ ಬಂದಳು. ಗಂಡನ ಮುಖ ಕೆಂಪಾಗಿತ್ತು, ಹೊಟ್ಟೆಯ ಪಟ್ಟಿ ಒದ್ದೆಯಾಗಿತ್ತು. ಚೀಲ ಕುರ್ಚಿಗೆಸೆದು ಪಟ್ಟಿಯ ಅಂಚಿಗೆ ಕೈಹಾಕಿದಳು.

ಅವನು ಹೊದಿಕೆ ಎಳೆದುಕೊಂಡ. "ಕೈ ತೊಳೆದ್ಯಾ?"

ಆಕೆಯ ಕೈ ಅಲ್ಲೇ ನಿಂತಿತು. ಔಷಧಿ ತಂದಿದ್ದ ಸಣ್ಣ ಸಿಸ್ಟರ್ ಕಿಟಕಿಯ ಕಡೆ ತಿರುಗಿದಳು. ದೊಡ್ಡ ಸಿಸ್ಟರ್ ಕಿವಿಯವರೆಗೂ ಕೆಂಪಾಗಿ, ಸದ್ದಿಲ್ಲದೆ ಹೋಗಿ ಕೈ ತೊಳೆದು ಬಂದಳು. ಆದರೂ ಪಟ್ಟಿ ಮುಟ್ಟಲಿಲ್ಲ. "ನೀನೇ ಬಿಚ್ಚಮ್ಮ, ಡಾಕ್ಟರಿಗೂ ಹೇಳು" ಎಂದು ಗಂಡನ ತಲೆಯ ಹತ್ತಿರ ಕೂತಳು.

ಗಾಯದಲ್ಲಿ ಕೀವು ಕೂಡಿತ್ತು. ಒಡೆದ ಅಪೆಂಡಿಕ್ಸ್ ಆದ್ದರಿಂದ ಯಾವುದರಿಂದ ಹೀಗಾಯಿತೆಂದು ಹೇಳಲಾಗದು ಎಂದರು ಡಾಕ್ಟರು. ಎರಡು ಹೊಲಿಗೆ ಬಿಚ್ಚಿ ಶುಚಿ ಮಾಡಿ, ಔಷಧಿ ಬದಲಿಸಿದರು. "ನಿಮ್ಮ ಡಾಕ್ಟರ ಹೊಲಿಗೆ ಬಿಗಿ ಜಾಸ್ತಿ, ಕಲಿಯೋಕೆ ನನ್ನ ಅಂಗಡಿಗೆ ಕಳಿಸು" ಎಂದ ಟೈಲರ್ ಹೆಂಡತಿಗೆ, ಹಲ್ಲು ಕಚ್ಚಿಕೊಂಡೇ.

ಸಂಜೆ ಜ್ವರ ಸ್ವಲ್ಪ ಇಳಿದಾಗ ಅವನು ಮೆಲ್ಲಗೆ ಹೇಳಿದ, "ಮೊನ್ನೆ ಬೆಳಗ್ಗೆ ಯಾರೋ ಬಂದು ಪಟ್ಟಿ ಸರಿಮಾಡಿ ಹೋದ್ರು. ಕೈ ತೊಳೆದಿದ್ದು ನಾನು ನೋಡ್ಲಿಲ್ಲ."

"ಕೇಳಬಾರದಿತ್ತಾ?"

"ಹೇಗೆ ಕೇಳ್ಲಿ? ಅವರಿಗೆ ಬೇಜಾರಾದ್ರೆ? ನಾಳೆ ಮತ್ತೆ ಅವರ ಕೈಗೇ ತಾನೆ ನಾನು ಸಿಗೋದು. ನೀನಾದ್ರೆ ಬೈದ್ರೂ ಊಟ ಹಾಕ್ತೀಯ."

ಆಕೆಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಇಷ್ಟು ವರ್ಷ ಸಿಬ್ಬಂದಿಯನ್ನು ಗದರಿಸಿದ್ದಳು. ಮಂಚದ ಮೇಲಿದ್ದವರಿಗೆ ಕೇಳುವ ಧೈರ್ಯ ಇದೆಯೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗಂಡ ಚೇತರಿಸಿಕೊಂಡು ಮನೆ ಸೇರಿದ ಮೇಲೆ ಆಕೆ ಕೆಲಸಕ್ಕೆ ಮರಳಿ, ನಡೆದದ್ದನ್ನು ಎಲ್ಲ ಸಿಸ್ಟರುಗಳಿಗೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅಂದಿನಿಂದ ಅವರು ಪ್ರತಿ ಮಂಚದ ಬಳಿ ಹೇಳತೊಡಗಿದರು: "ನಾನು ಕೈ ತೊಳೆದಿದ್ದೀನಿ. ಯಾರಾದ್ರೂ ಮರೆತ್ರೆ ಕೇಳಿ, ನಾವು ಬೇಜಾರು ಮಾಡ್ಕೊಳ್ಳಲ್ಲ."

ಮೊದಮೊದಲು ರೋಗಿಗಳು ನಕ್ಕು ಸುಮ್ಮನಾಗುತ್ತಿದ್ದರು. ಆಮೇಲೊಂದು ದಿನ ಸೊಂಟ ಮುರಿದಿದ್ದ ಅಜ್ಜಿಯೊಬ್ಬರು ದೊಡ್ಡ ಡಾಕ್ಟರನ್ನೇ ತಡೆದರು. "ತಪ್ಪು ತಿಳ್ಕೋಬೇಡಪ್ಪಾ, ಕೈ ತೊಳ್ಕೊಂಡ್ಯಾ?" ಡಾಕ್ಟರು "ಇಲ್ಲಜ್ಜೀ" ಎಂದು ನಲ್ಲಿಯ ಕಡೆ ನಡೆದರು.

ಮನೆಗೆ ಬಂದು ಆಕೆ ಅದನ್ನು ಹೇಳಿದಾಗ ಗಂಡ, "ನನಗಿಂತ ಗಟ್ಟಿಗಿತ್ತಿ ಕಣೇ ಆ ಅಜ್ಜಿ" ಎಂದ. ಆಕೆ ಒಲೆ ಹಚ್ಚುವುದನ್ನು ಬಿಟ್ಟು ಸ್ವಲ್ಪ ಹೊತ್ತು ಅವನ ಪಕ್ಕದಲ್ಲೇ ಕೂತಳು.